ಹಳೇ 10 ಲೀಟರ್ ಫ್ಲಶ್ ಟ್ಯಾಂಕ್: ಬಾಟಲಿ ಇಡಲೇ, ವಾಲ್ವ್ ಬದಲಿಸಲೇ, ಕಮೋಡನ್ನೇ ಕೀಳಿಸಲೇ?

ಸಂಪು_ಖಾಲಿ (ಬೆಂಗಳೂರು)

ನಮ್ಮದು 1996ರಲ್ಲಿ ಕಟ್ಟಿದ ಮನೆ. ಮೂರು ಕಕ್ಕಸು. ಎರಡು ವೆಸ್ಟರ್ನ್, ಕೆಳಗಡೆ ಒಂದು ಇಂಡಿಯನ್. ಮೂರಕ್ಕೂ ಆಗಿನ ಕಾಲದ 10 ಲೀಟರ್ ಟ್ಯಾಂಕ್. ವೆಸ್ಟರ್ನ್ ಎರಡಕ್ಕೂ ಪಿಂಗಾಣಿ ಟ್ಯಾಂಕ್, ಮುಚ್ಚಳದ ಮೇಲೆ ಎಳೆಯುವ ಗುಬುಟು. ಇಂಡಿಯನ್‌ನದು ಗೋಡೆಗೆ ತಗುಲಿಸಿದ ಪ್ಲಾಸ್ಟಿಕ್ ಟ್ಯಾಂಕ್, ಪಕ್ಕದಲ್ಲಿ ಹಿಡಿ. ಯಾವುದನ್ನು ಮುಟ್ಟಿದರೂ ಪೂರ್ತಿ ಖಾಲಿಯಾಗುವ ತನಕ ನಿಲ್ಲುವುದಿಲ್ಲ.

2024ರ ಬೇಸಿಗೆಯಲ್ಲಿ ಬೋರ್ ಕೈಕೊಟ್ಟಿತು. ಆವತ್ತಿನಿಂದ ನನಗೆ ನೀರಿನ ಲೆಕ್ಕ ಹಾಕುವ ಚಟ ಹತ್ತಿದೆ. ನಲ್ಲಿಗಳಿಗೆಲ್ಲ ಏರೇಟರ್ (ಗಾಳಿ ಬೆರೆಸಿ ನೀರು ಕಡಿಮೆ ಬಿಡುವ ಜಾಲರಿ) ಹಾಕಿಸಿದೆ. ಪಾತ್ರೆ ತೊಳೆದ ನೀರು ಗಿಡಕ್ಕೆ ಹೋಗುತ್ತಿದೆ. ಮೊನ್ನೆ ಸುಮ್ನೆ ಫ್ಲಶ್ ಲೆಕ್ಕ ಹಾಕಿದೆ. ಐದು ಜನ, ತಲೆಗೆ ದಿನಕ್ಕೆ ಐದು ಸಲ ಅಂದರೆ 25 ಫ್ಲಶ್, 250 ಲೀಟರ್. ತಿಂಗಳಿಗೆ 7,500 ಲೀಟರ್! 6,000 ಲೀಟರಿನ ಸಣ್ಣ ಟ್ಯಾಂಕರ್‌ಗಿಂತ ಜಾಸ್ತಿ, ಅದೂ ಬರೀ ಕಕ್ಕಸಿಗೆ. ಏರೇಟರ್ ಹಾಕಿಸಿ ನಾನು ಉಳಿಸಿದ್ದು ಎಷ್ಟೋ, ಇಲ್ಲಿ ಹೋಗುತ್ತಿರುವುದು ಎಷ್ಟೋ.

ಅಂಗಡಿಯವನು "ಸಾರ್, ಹಳೇದನ್ನೆಲ್ಲ ಕಿತ್ತು ಹೊಸ ಕಮೋಡು ಹಾಕಿಸಿ, 3/6 ಲೀಟರಿಂದು" ಅನ್ನುತ್ತಾನೆ. ಅಂದರೆ ಎರಡು ಬಟನ್‌ನದು, ಸಣ್ಣದು ಒತ್ತಿದರೆ 3 ಲೀಟರ್, ದೊಡ್ಡದು ಒತ್ತಿದರೆ 6. ಅವನು ಅನ್ನಲೇಬೇಕು, ಅಂಗಡಿ ಇಟ್ಟಿದ್ದಾನೆ. ಬಾವಮೈದ ಬಂದವನು ಟ್ಯಾಂಕಿನೊಳಗೆ ಒಂದು ನೀರಿನ ಬಾಟಲಿ ಮಲಗಿಸಿ ಹೋಗಿದ್ದಾನೆ. ವ್ಯತ್ಯಾಸ ಏನೂ ಗೊತ್ತಾಗುತ್ತಿಲ್ಲ. ಟೈಲ್ಸ್ ಒಡೆಸುವ ಮನಸ್ಸು ನನಗಿಲ್ಲ, ಮನೆಯವಳಿಗೆ ಇನ್ನೂ ಇಲ್ಲ. ಟ್ಯಾಂಕ್ ಇರುವಂತೆಯೇ ಇಟ್ಟುಕೊಂಡು ಒಳಗಿನದನ್ನಷ್ಟೇ ಎರಡು ಬಟನ್‌ನದಕ್ಕೆ ಬದಲಿಸಬಹುದಾ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

---

ಪಾನಾ_ಸ್ಕ್ರೂಡ್ರೈವರ್ (ಮೈಸೂರು)

ಬದಲಿಸಬಹುದು. ಆದರೆ ಮೊದಲು ಎರಡು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ.

ಮೊದಲನೆಯದು ಅಳತೆ. ಟ್ಯಾಂಕ್ ಮೇಲೆ 10 ಲೀಟರ್ ಎಂದು ಇದ್ದರೆ ಹೋಗುವುದು ಹತ್ತೇ ಆಗಬೇಕಿಲ್ಲ. ಟ್ಯಾಂಕ್ ತುಂಬಿದಾಗ ನೀರು ಎಲ್ಲಿಗೆ ನಿಲ್ಲುತ್ತದೆ ಎಂದು ಒಳಗೆ ಪೆನ್ಸಿಲ್ ಗೆರೆ ಹಾಕಿ. ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬರುವ ಪೈಪಿನ ಸಣ್ಣ ನಲ್ಲಿ) ಮುಚ್ಚಿ. ಫ್ಲಶ್ ಮಾಡಿ. ಈಗ ಲೀಟರ್ ಬಾಟಲಿಯಲ್ಲಿ ನೀರು ಹೊಯ್ಯುತ್ತಾ ಗೆರೆ ಮುಟ್ಟುವ ತನಕ ಎಣಿಸಿ. ನಮ್ಮ ಮನೆಯಲ್ಲಿ ಒಂದು ಏಳೂವರೆ ಇತ್ತು, ಇನ್ನೊಂದು ಹನ್ನೊಂದು. ಎರಡೂ ಒಂದೇ ದಿನ ಒಂದೇ ಅಂಗಡಿಯಿಂದ ತಂದವು. ಇನ್ನೊಂದು ಮಾತು, ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಇದಕ್ಕಿಂತ ಇನ್ನೂ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಟ್ಯಾಂಕ್ ಖಾಲಿಯಾಗುತ್ತಿರುವಾಗಲೇ ಮೇಲಿನಿಂದ ನೀರು ಭರ್ರನೆ ಬರುತ್ತಿರುತ್ತದಲ್ಲ, ಅದೂ ಜೊತೆಗೇ ಹೋಗುತ್ತದೆ. ಆಂಗಲ್ ಕಾಕನ್ನು ಅರ್ಧಕ್ಕೆ ಇಟ್ಟರೆ ಅದು ಕಡಿಮೆಯಾಗುತ್ತದೆ.

ಎರಡನೆಯದು ಸೋರಿಕೆ. ಅಡುಗೆಗೆ ಹಾಕುವ ಕೆಂಪು ಬಣ್ಣ ನಾಲ್ಕು ಹನಿ ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಯಾರೂ ಒಳಗೆ ಹೋಗಬೇಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಕೆಂಪು ಕಂಡರೆ ನಿಮ್ಮ ಲೆಕ್ಕದ 25 ಫ್ಲಶ್ ಸುಳ್ಳು, ರಾತ್ರಿಯಿಡೀ ಇನ್ನೊಂದಿಷ್ಟು ಹೋಗುತ್ತಿದೆ ಅಂತ ಅರ್ಥ. (ಕುಂಕುಮ ಹಾಕಬೇಡಿ, ತಳದಲ್ಲಿ ಕೂರುತ್ತದೆ. ಅರಿಶಿನವಂತೂ ಬೇಡವೇ ಬೇಡ. ನಾನು ಹಾಕಿ ನೋಡಿದ್ದೇನೆ, ಆಮೇಲೆ ಒಂದು ವಾರ ಬೈಸಿಕೊಂಡಿದ್ದೇನೆ.)

ಬಾಟಲಿ ವಿಷಯ. ಮಲಗಿಸಿದರೆ ಉಪಯೋಗವಿಲ್ಲ. ಇಂಥ ವಾಲ್ವ್ ಟ್ಯಾಂಕು (ತಳದ ತೂತನ್ನು ವಾಷರ್ ತೆರೆದು ಮುಚ್ಚುವಂಥದ್ದು) ಬಹಳಷ್ಟು ಸಲ ಪೂರ್ತಿ ಬರಿದಾಗುವುದಿಲ್ಲ, ತಳದಲ್ಲಿ ಎರಡು ಮೂರು ಬೆರಳು ನೀರು ಉಳಿದೇ ಇರುತ್ತದೆ. ಆ ಉಳಿಯುವ ನೀರಿನಲ್ಲೇ ಬಾಟಲಿ ಮುಳುಗಿ ಮಲಗಿದ್ದರೆ ಅದು ಯಾವ ನೀರಿನ ಜಾಗ ಹಿಡಿದ ಹಾಗಾಯಿತು? ಹೇಗಿದ್ದರೂ ಹೋಗದ ನೀರಿನದು. ನೆಟ್ಟಗೆ ನಿಲ್ಲಿಸಿ, ಒಳಗೆ ಮರಳು ಇಲ್ಲವೇ ಜಲ್ಲಿ ತುಂಬಿಸಿ. ಇಟ್ಟಿಗೆ ಮಾತ್ರ ಹಾಕಬೇಡಿ. ಅದು ನೆನೆದು ಪುಡಿಯಾಗಿ ವಾಷರ್ ಕೆಳಗೆ ಸೇರಿಕೊಂಡರೆ ಆಮೇಲೆ ಜನ್ಮದಲ್ಲಿ ಸೋರಿಕೆ ನಿಲ್ಲುವುದಿಲ್ಲ.

---

ಅರ್ಧ_ಚೊಂಬು (ಚಳ್ಳಕೆರೆ)

ಬಾಟಲಿ ಯಾಕೆ, ಫ್ಲೋಟ್ (ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ತೇಲುವ ಬುರುಡೆ) ಸ್ವಲ್ಪ ಕೆಳಗಿಳಿಸಿದರೆ ಆಯಿತಲ್ಲ? ನೀರು ಕಡಿಮೆ ತುಂಬುತ್ತದೆ, ಕಡಿಮೆ ಹೋಗುತ್ತದೆ.

---

ಪಾನಾ_ಸ್ಕ್ರೂಡ್ರೈವರ್ (ಮೈಸೂರು)

ಆಗುತ್ತದೆ, ಆದರೆ ಎರಡೂ ಒಂದೇ ಅಲ್ಲ. ಫ್ಲೋಟ್ ಇಳಿಸಿದರೆ ನೀರಿನ ಎತ್ತರ ಕಡಿಮೆಯಾಗುತ್ತದೆ, ಎತ್ತರ ಕಡಿಮೆಯಾದರೆ ರಭಸವೂ ಕಡಿಮೆ. ಬಾಟಲಿ ಇಟ್ಟರೆ ಎತ್ತರ ಅಷ್ಟೇ ಇರುತ್ತದೆ, ನೀರಷ್ಟೇ ಕಡಿಮೆ. ಹಳೇ ಕಮೋಡಿಗೆ ರಭಸ ಬೇಕು. ಹಾಗಾಗಿ ಮೊದಲು ಬಾಟಲಿ, ಆಮೇಲೂ ಸರಿಯಾಗಿ ತೊಳೆಯುತ್ತಿದ್ದರೆ ಫ್ಲೋಟ್ ಒಂದು ಬೆರಳು ಇಳಿಸಿ ನೋಡಿ.

---

ಯಾರಾ_ನದಿ_ತೀರ (ಮೆಲ್ಬರ್ನ್)

ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಒಂದೇ ಬಟನ್ ಇರುವ ಟ್ಯಾಂಕನ್ನು ಇಲ್ಲಿ ಯಾರ ಮನೆಯಲ್ಲೂ ನೋಡಿದ ನೆನಪಿಲ್ಲ. ಎರಡು ಬಟನ್ ಟ್ಯಾಂಕ್ ಮನೆಮನೆಗೆ ಬಂದದ್ದೇ ಈ ದೇಶದಿಂದ. 1980ರಲ್ಲಿ ಕರೋಮಾ ಕಂಪನಿಯ ಬ್ರೂಸ್ ಥಾಂಪ್ಸನ್ ಎನ್ನುವವರು ಮಾಡಿದ್ದು. ಬರಗಾಲದ ದೇಶ ಇದು, ಅವಶ್ಯಕತೆ ಇತ್ತು. ತಮಾಷೆ ಏನೆಂದರೆ ಆ ಮೊದಲ ಟ್ಯಾಂಕಿನಲ್ಲಿ ದೊಡ್ಡ ಬಟನ್ನಿಗೆ 11 ಲೀಟರ್, ಸಣ್ಣದಕ್ಕೆ 5.5. ಅಂದರೆ ಆಗಿನ "ಅರ್ಧ" ಈಗಿನ "ಪೂರ್ತಿ"ಗೆ ಹತ್ತಿರ.

ಆಮೇಲೆ 1993ರ ಹೊತ್ತಿಗೆ ಅದೇ 6/3 ಲೀಟರಿಗೆ ಇಳಿಯಿತು, ಅದಾದ ಮೇಲೆ 4.5/3ಕ್ಕೆ. ಆದರೆ ಟ್ಯಾಂಕನ್ನು ಸುಮ್ನೆ ಸಣ್ಣದು ಮಾಡಿ ಇಳಿಸಿದ್ದಲ್ಲ, ಕೆಳಗಿನ ಬೋಗುಣಿಯ ಆಕಾರವನ್ನೂ ಬದಲಿಸಬೇಕಾಯಿತು. ಅಮೆರಿಕದವರು ಇದೇ ಜಾಗದಲ್ಲಿ ಎಡವಿದರು. 1992ರಲ್ಲಿ ಕಾನೂನು ತಂದು, 1994ರಿಂದ ಮನೆಗೆ ಮಾರುವ ಹೊಸ ಕಮೋಡು 6 ಲೀಟರ್ ದಾಟಬಾರದು ಎಂದರು. ಅದಕ್ಕೂ ಮುಂಚೆ 13 ಲೀಟರಿನವು ಮಾರಾಟವಾಗುತ್ತಿದ್ದವು. ಶುರುವಿನಲ್ಲಿ ಬಂದ ಎಷ್ಟೋ ಮಾದರಿಗಳಲ್ಲಿ ಹಳೇ ಆಕಾರಕ್ಕೇ ಕಡಿಮೆ ನೀರು ಬಿಟ್ಟಿದ್ದರು. ಜನ ಎರಡೆರಡು ಸಲ ಫ್ಲಶ್ ಮಾಡಿದರು, ಬೈದರು, ಕೆಲವರು ಕೆನಡಾದಿಂದ ಹಳೇ ದೊಡ್ಡ ಟ್ಯಾಂಕಿನವನ್ನು ಕದ್ದುಮುಚ್ಚಿ ತರಿಸಿಕೊಂಡರು. ಆಮೇಲೆ ಕಮೋಡಿಗೇ ಪರೀಕ್ಷೆ ಶುರುವಾಯಿತು. ಸೋಯಾ ಹಿಟ್ಟಿನ ಮುದ್ದೆ ಹಾಕಿ ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತದೆ ಎಂದು ನೋಡುತ್ತಾರೆ. ನಿಜವಾಗಿಯೂ! ಉಣ್ಣುವ ಹೊತ್ತಿನಲ್ಲಿ ಓದುತ್ತಿದ್ದರೆ ಕ್ಷಮಿಸಿ.

ನಿಮ್ಮ 25 ಫ್ಲಶ್ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ಟ್ಯಾಂಕಿಗೆ ನೀರು ಉಳಿತಾಯದ ಸ್ಟಾರ್ ಕೊಡುವಾಗ ಐದರಲ್ಲಿ ನಾಲ್ಕು ಅರ್ಧ, ಒಂದು ಪೂರ್ತಿ ಎಂದು ಹಿಡಿಯುತ್ತಾರೆ. ಹಾಗೆ ನೋಡಿದರೆ 3/6 ಟ್ಯಾಂಕಿನಲ್ಲಿ ನಿಮ್ಮ ಮನೆಗೆ 20 ಅರ್ಧ, 5 ಪೂರ್ತಿ, ಒಟ್ಟು 90 ಲೀಟರ್. 250 ಎಲ್ಲಿ, 90 ಎಲ್ಲಿ. ನನ್ನ ಓಟು ಅಂಗಡಿಯವನಿಗೆ.

---

22_ವರ್ಷದ_ಪ್ಲಂಬರ್ (ಹಾಸನ)

ಅಂಗಡಿಯವನಿಗೆ ಓಟು ಹಾಕುವ ಮೊದಲು ನನ್ನ ಮಾತೂ ಕೇಳಿ.

ಹಳೇ ಕಮೋಡು ಮಾಡಿದ್ದೇ 10 ಲೀಟರಿಗೆ. ಅದಕ್ಕೆ ಎರಡು ಬಟನ್ ವಾಲ್ವ್ ಹಾಕಬಹುದು, ನಾನು ನೂರಾರು ಹಾಕಿದ್ದೇನೆ. ಆದರೆ ಪೂರ್ತಿ ಬಟನ್ನನ್ನು ಆರಕ್ಕೆ ಇಳಿಸಲು ಹೋಗಬೇಡಿ, ಎಂಟರ ಹತ್ತಿರ ಬಿಡಿ. ಅರ್ಧ ಬಟನ್ ನಾಲ್ಕಕ್ಕೆ ಇಡಿ. ಮೂತ್ರಕ್ಕೆ ಅದು ಧಾರಾಳ ಸಾಕು. ನಮ್ಮವರು ಜೆಟ್ ಬಿಡುವವರು, ಕಾಗದ ಹಾಕುವವರಲ್ಲ, ಕಾಗದ ತಳ್ಳುವಷ್ಟು ನೀರು ನಮಗೆ ಬೇಡ. ಹೊಸ ವಾಲ್ವಿನ ಮೈಮೇಲೆ ಒಂದು ಸಣ್ಣ ಜಾರುವ ಗುಂಡಿ ಇರುತ್ತದೆ, ಪಕ್ಕದಲ್ಲಿ ಗೀಟುಗಳು. ಅದನ್ನು ಮೇಲೆ ಕೆಳಗೆ ಮಾಡಿದರೆ ಅರ್ಧ ಫ್ಲಶ್ ಎಷ್ಟು ಹೊತ್ತಿಗೆ ಮುಚ್ಚಿಕೊಳ್ಳಬೇಕು ಎನ್ನುವುದು ಬದಲಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಕಂಪನಿಯಿಂದ ಬಂದ ಹಾಗೇ ಇರುತ್ತದೆ, ಮುಟ್ಟಿರುವುದೇ ಇಲ್ಲ. ಹಾಕಿದವನು ಹೇಳಿರುವುದಿಲ್ಲ. ಮನೆಯವರು ಮುಚ್ಚಳ ತೆಗೆದಿರುವುದಿಲ್ಲ.

ಕೊಳ್ಳುವ ಮುಂಚೆ ಮೂರು ಅಳತೆ ತೆಗೆದುಕೊಳ್ಳಿ. ಮುಚ್ಚಳದ ತೂತು, ಟ್ಯಾಂಕಿನ ಒಳಗಿನ ಎತ್ತರ, ತಳದ ತೂತು. ನಿಮ್ಮದು ಎಳೆಯುವ ಗುಬುಟು, ಮುಚ್ಚಳದ ತೂತು ಬಟನ್ನಿಗೆ ಸಣ್ಣದಾಗಬಹುದು. ಪಿಂಗಾಣಿ ಕೊರೆಯಲು ಹೋದರೆ ಬಿರುಕು ಬಿಡುತ್ತದೆ, ಹಾಗಾದಾಗ ಎರಡು ಹಂತದ ಗುಬುಟು ಸಿಗುತ್ತದಾ ನೋಡಿ.

ಇನ್ನು ಲೈನು. ಕಕ್ಕಸಿನಿಂದ ಚೇಂಬರ್ (ಹೊರಗೆ ಕೊಳಚೆ ಪೈಪು ಸೇರುವ ಗುಂಡಿ) ಎಷ್ಟು ದೂರ? 30 ಅಡಿ ಮೇಲಿದ್ದು, ಇಳಿಜಾರು ಸರಿಯಿಲ್ಲದೆ, ಸ್ನಾನದ ನೀರೂ ಆ ಪೈಪಿಗೆ ಸೇರದಿದ್ದರೆ ತೀರಾ ಕಡಿಮೆ ನೀರು ಬಿಟ್ಟಾಗ ಗಟ್ಟಿ ಪದಾರ್ಥ ಮಧ್ಯದಲ್ಲೇ ಕೂರುತ್ತದೆ. ಕಮೋಡು ಕ್ಲೀನಾಗಿಯೇ ಕಾಣುತ್ತಿರುತ್ತದೆ. ಎರಡು ತಿಂಗಳಾದ ಮೇಲೆ ನನಗೆ ಫೋನ್ ಬರುತ್ತದೆ.

ಕೆಳಗಿನ ಇಂಡಿಯನ್ ಟ್ಯಾಂಕ್, ಪಕ್ಕದಲ್ಲಿ ಹಿಡಿ ಇರುವುದು, ಅದು ಬಹುಶಃ ಸೈಫನ್, ಅಂದರೆ ತಳದಲ್ಲಿ ವಾಷರ್ ಇಲ್ಲದೆ ನೀರನ್ನು ಮೇಲಿಂದ ದಾಟಿಸಿ ಎಳೆದು ಬಿಡುವಂಥದ್ದು. ಸೈಫನ್ ಆಗಿದ್ದರೆ ದಯವಿಟ್ಟು ಕೀಳಿಸಬೇಡಿ.

---

ಎಳೆಯುವ_ಸರಪಳಿ (ಹುಬ್ಬಳ್ಳಿ)

ಸೈಫನ್ ಮಾತು ಬಂತಲ್ಲ, ಸುಮ್ಮನಿರಲು ಆಗುತ್ತಿಲ್ಲ.

ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ತಲೆಯ ಮೇಲೆ, ಆರಡಿಗೂ ಎತ್ತರದಲ್ಲಿ, ಎರಕದ ಕಬ್ಬಿಣದ ಟ್ಯಾಂಕು, ಅದರಿಂದ ಇಳಿಬಿದ್ದ ಸರಪಳಿ. ಒಳಗೆ ಗಂಟೆಯಾಕಾರದ ಕಬ್ಬಿಣದ ತುಂಡು. ಸರಪಳಿ ಎಳೆದಾಗ ಗಂಟೆ ಮೇಲೇಳುತ್ತದೆ, ಬಿಟ್ಟಾಗ ಧೊಪ್ಪನೆ ಬಿದ್ದು ತನ್ನೊಳಗಿನ ನೀರನ್ನು ನಡುವಿನ ಪೈಪಿನ ಬಾಯಿಯ ಮೇಲಿಂದ ದಾಟಿಸುತ್ತದೆ. ಒಮ್ಮೆ ದಾಟಿತೆಂದರೆ ಹಿಂದಿನ ನೀರೆಲ್ಲ ತಾನೇ ಎಳೆದುಕೊಂಡು ಬರುತ್ತದೆ, ಒಳಗೆ ಗಾಳಿ ಹೋಗುವವರೆಗೆ. ಇದರಲ್ಲಿ ಟ್ಯಾಂಕಿನ ತಳದಲ್ಲಿ ತೆರೆದು ಮುಚ್ಚುವ ವಾಷರೇ ಇಲ್ಲ. ನೀರು ಹೊರಗೆ ಹೋಗಬೇಕಾದರೆ ಮೊದಲು ಮೇಲೇರಿ ದಾಟಲೇಬೇಕು. ಹಾಗಾಗಿ ಸವೆದು ಸೋರುವ ಮಾತೇ ಇಲ್ಲ. ಬಾಲ್ ಕಾಕ್ (ಫ್ಲೋಟ್ ಇರುವ ನಲ್ಲಿ) ಕೆಟ್ಟರೆ? ತುಂಬಿ ತುಳುಕಿದ ನೀರು ಗೋಡೆಯಾಚೆ ಚಾಚಿದ ಪೈಪಿನಿಂದ ಹಿತ್ತಲಿಗೆ ಸುರಿಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ಕೂಗಿ ಹೇಳುತ್ತಿದ್ದರು.

ಈಗಿನ ಎರಡು ಬಟನ್ ವಾಲ್ವಿನಲ್ಲಿ ಆ ಪೈಪು ಒಳಗೇ ಇದೆ. ತುಂಬಿ ತುಳುಕಿದ್ದು ನೇರ ಕಮೋಡಿನ ಒಳಗೋಡೆ ಸವರಿಕೊಂಡು ಸದ್ದಿಲ್ಲದೆ ಹೋಗುತ್ತದೆ. ತಳದ ವಾಷರ್ ಸವೆದರೂ ಅಷ್ಟೇ. ಯಾವ ಅಜ್ಜಿಗೂ ಗೊತ್ತಾಗುವುದಿಲ್ಲ.

ಬ್ರಿಟನ್ನಿನಲ್ಲಿ ಬಹಳ ಕಾಲ ಮನೆಗಳಿಗೆ ಸೈಫನ್ ಮಾತ್ರ ಹಾಕಬೇಕೆಂಬ ನಿಯಮವೇ ಇತ್ತು. ಆ ಟ್ಯಾಂಕಿಗೆ ಅವರಿಟ್ಟ ಹೆಸರೇ "ನೀರು ಪೋಲು ತಡೆಯುವ ಸಾಧನ" ಅಂತ. 2001ರಿಂದ ವಾಲ್ವ್ ಟ್ಯಾಂಕಿಗೂ ಅನುಮತಿ ಸಿಕ್ಕಿತು, ಎರಡು ಬಟನ್ ಎಲ್ಲ ಕಡೆ ಬಂತು. 2020ರಲ್ಲಿ ನೋಡಿದರೆ ಅಲ್ಲಿನ ನೀರಿನ ಕಂಪನಿಯವರೇ, ಇವು ಉಳಿಸುವುದಕ್ಕಿಂತ ಸೋರಿಸುವುದೇ ಜಾಸ್ತಿ ಎಂದು ತಲೆ ಚಚ್ಚಿಕೊಂಡರು. ಮೆಲ್ಬರ್ನ್‌ನವರ 90 ಲೀಟರ್ ಲೆಕ್ಕ ವಾಷರ್ ಹೊಸದಿರುವ ತನಕ ಸರಿ.

---

ಯಾರಾ_ನದಿ_ತೀರ (ಮೆಲ್ಬರ್ನ್)

ಒಪ್ಪಿದೆ, ವಾಷರ್ ನಾನೂ ಬದಲಿಸಿದ್ದೇನೆ. ಆದರೆ ನಿಮ್ಮ ಸೈಫನ್ ಸೋರದೆಯೇ ಪ್ರತಿ ಸಲ 10 ಲೀಟರ್ ಬಿಡುತ್ತದಲ್ಲ? ಅರ್ಧ ಬೇಕೆಂದರೆ ಏನು ಮಾಡುತ್ತೀರಿ?

---

ಎಳೆಯುವ_ಸರಪಳಿ (ಹುಬ್ಬಳ್ಳಿ)

ಅದಕ್ಕೂ ಇದೆ. ಸೈಫನ್ನಿನ ಮೈಗೆ ಅರ್ಧ ಎತ್ತರದಲ್ಲಿ ಗಾಳಿತೂತು ಮಾಡಿರುತ್ತಾರೆ. ಹಿಡಿ ಒತ್ತಿ ಬಿಟ್ಟರೆ ಆ ತೂತಿನಿಂದ ಗಾಳಿ ನುಗ್ಗಿ ಮಧ್ಯಕ್ಕೇ ನಿಲ್ಲುತ್ತದೆ, ಒತ್ತಿಕೊಂಡೇ ಇದ್ದರೆ ಪೂರ್ತಿ. ಬ್ರಿಟನ್ನಿನಲ್ಲಿ ಸಿಗುತ್ತದೆ, ನಮ್ಮ ಹುಬ್ಬಳ್ಳಿ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಹಾಗಾಗಿ ಆ ಮಟ್ಟಿಗೆ ನೀವೇ ಗೆದ್ದಿರಿ.

---

ಟವರ್_ಬಿ_ಏಳನೇ_ಮಹಡಿ (ವೈಟ್‌ಫೀಲ್ಡ್)

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫ್ಲಶ್‌ಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರು, ಬೇರೆ ಪೈಪು. ಸಂಸ್ಕರಿಸಿದ ನೀರು ಫ್ಲಶ್ಶಿಗೆ ಹೋಗಿ ಗಿಡಕ್ಕೆ ಹೋಗಿ ಇನ್ನೂ ಮಿಕ್ಕುತ್ತದೆ. ಹಾಗಿರುವಾಗ ಅರ್ಧ ಬಟನ್ ಒತ್ತಿ ನಾನು ಯಾವ ಕಾವೇರಿ ಉಳಿಸಿದ ಹಾಗಾಯಿತು ಎಂದು ನನಗೂ ಅರ್ಥವಾಗಿಲ್ಲ. ನಮ್ಮ ತೊಂದರೆ ಬೇರೆ. ಆ ನೀರಿನಲ್ಲಿ ಬರುವ ಸಣ್ಣ ಕಸ ವಾಷರ್ ಮೇಲೆ ಜಿಡ್ಡಿನ ಹಾಗೆ ಕೂರುತ್ತದೆ, ಟ್ಯಾಂಕ್ ತುಂಬಿಸುವ ವಾಲ್ವಿನ ಜಾಲರಿ ಕಟ್ಟಿಕೊಳ್ಳುತ್ತದೆ. ಗೋಡೆಯೊಳಗೆ ಮುಚ್ಚಿಟ್ಟ ಟ್ಯಾಂಕ್ ಬೇರೆ. ಬಟನ್ ಪ್ಲೇಟ್ ತೆಗೆದು ಅಂಗೈ ಅಗಲದ ಕಿಂಡಿಯಲ್ಲಿ ಕೈ ತೂರಿಸಿ ಎಲ್ಲ ಮಾಡಬೇಕು. ಹೊಸ ಮನೆ ಕಟ್ಟುವವರು ಯಾರಾದರೂ ಓದುತ್ತಿದ್ದರೆ, ಅಂದಕ್ಕೆ ಮರುಳಾಗಿ ಗೋಡೆಯೊಳಗೆ ಹಾಕಿಸುವ ಮುಂಚೆ ನಿಮ್ಮ ಪ್ಲಂಬರನ ಕೈ ಒಮ್ಮೆ ನೋಡಿ.

---

ಅರ್ಧ_ಚೊಂಬು (ಚಳ್ಳಕೆರೆ)

ನಿಮ್ಮೆಲ್ಲರ 3/6, 4.5/3 ಓದಿ ನಗು ಬಂತು. ನಮ್ಮ ಮನೆಯಲ್ಲಿ ಟ್ಯಾಂಕೇ ಇಲ್ಲ. ಎರಡು ಗುಂಡಿಯ ಕಕ್ಕಸು, ಶೌಚಾಲಯ ಕಟ್ಟಿಸುವ ಸುಲಭ್ ಸಂಸ್ಥೆಯವರು ಊರೂರಿಗೆ ಹರಡಿದ್ದಾರಲ್ಲ, ಆ ಮಾದರಿಯದು. ಅದರ ಬೇಸಿನ್ನು ಪೇಟೆಯ ಇಂಡಿಯನ್ ಬೇಸಿನ್ನಿನ ಹಾಗೆ ಚಪ್ಪಟೆ ಇರುವುದಿಲ್ಲ, 25-28 ಡಿಗ್ರಿ ಕಡಿದಾದ ಇಳಿಜಾರು. ಕೆಳಗೆ ಬಾಗಿದ ಪೈಪಿನಲ್ಲಿ ನಿಲ್ಲುವ ನೀರು ಬರೀ 20 ಮಿಲಿಮೀಟರ್. ಪೇಟೆಯ ಕಮೋಡಿನಲ್ಲಿ ಇದು 50 ಮಿಲಿಮೀಟರ್ ಇರುತ್ತದೆ. ಇಷ್ಟೇ ಕಾರಣಕ್ಕೆ ಒಂದೂವರೆ ಎರಡು ಲೀಟರ್ ನೀರು, ಅಂದರೆ ಒಂದು ದೊಡ್ಡ ಚೊಂಬು, ರಭಸವಾಗಿ ಎರಚಿದರೆ ಎಲ್ಲ ಹೋಗುತ್ತದೆ. ಗುಂಡಿಯೂ ಪಕ್ಕದಲ್ಲೇ, ದೂರ ತಳ್ಳುವ ಕೆಲಸವಿಲ್ಲ.

ಮೊನ್ನೆ ತಮ್ಮ ಬೆಂಗಳೂರಿನಿಂದ ಬಂದವನು ಮಾಮೂಲಿನಂತೆ ಒಂದು ಬಕೆಟ್ ಸುರಿದ. ಅವ್ವ ಹೊರಗೆ ಸದ್ದು ಕೇಳಿ "ಏನು ಸ್ನಾನ ಮಾಡ್ತಿದ್ದೀಯೇನೋ ಅಲ್ಲಿ" ಎಂದರು.

ಸಂಪು_ಖಾಲಿಯವರೇ, ಕೆಳಗಿನ ಇಂಡಿಯನ್‌ಗೆ ಟ್ಯಾಂಕ್ ಬಿಟ್ಟು ಅರ್ಧ ಬಕೆಟ್ ಹಾಕಿ ನೋಡಿ. ಚಪ್ಪಟೆ ಬೇಸಿನ್ನಾದರೂ ನಾಲ್ಕೈದು ಲೀಟರಿಗೆ ಹೋಗಬೇಕು. ಕೈಯಿಂದ ಎಲ್ಲಿಗೆ ಬೇಕೋ ಅಲ್ಲಿಗೇ ಎರಚಬಹುದಲ್ಲ, ಟ್ಯಾಂಕಿಗೆ ಕಣ್ಣಿಲ್ಲ.

---

ಸಂಪು_ಖಾಲಿ (ಬೆಂಗಳೂರು)

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲು ಬಣ್ಣ. ಕೇಸರಿಬಾತಿಗೆ ಹಾಕುವ ಬಣ್ಣ ಹಾಕಿ ಬಾಗಿಲು ಮುಚ್ಚಿದೆ. ಮಹಡಿ ಮೇಲಿನ ಕಕ್ಕಸಿನಲ್ಲಿ ಹದಿನೈದು ನಿಮಿಷಕ್ಕೇ ಕಮೋಡಿನ ಹಿಂಗೋಡೆಯ ಮೇಲೆ ಕೂದಲೆಳೆಯಂಥ ಕೇಸರಿ ಗೆರೆ. ಸದ್ದು ಒಂಚೂರೂ ಇಲ್ಲ. ಎಷ್ಟು ವರ್ಷದಿಂದ ಹೀಗಿತ್ತೋ. ರಾತ್ರಿ ಮಲಗುವಾಗ ಆಂಗಲ್ ಕಾಕ್ ಮುಚ್ಚಿ ಗೆರೆ ಹಾಕಿದೆ, ಬೆಳಿಗ್ಗೆ ಎಂಟು ಗಂಟೆ ಬಿಟ್ಟು ನೋಡಿದರೆ ಗೆರೆ ಮುಟ್ಟಿಸಲು ಏಳು ಬಾಟಲಿ ಬೇಕಾಯಿತು. ಎಂಟು ಗಂಟೆಗೆ ಏಳು ಲೀಟರ್ ಎಂದರೆ ದಿನಕ್ಕೆ 21. ಯಾರೂ ಕೂರದೆಯೇ ದಿನಕ್ಕೆ ಎರಡು ಫ್ಲಶ್.

ವಾಲ್ವ್ ಬಿಚ್ಚಿ ಕೈಗೆ ತೆಗೆದುಕೊಂಡೆ. ವಾಷರ್ ಕಪ್ಪಗೆ ಇರಬೇಕಾದದ್ದು, ಅಂಚಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಬೋರ್ ನೀರಿನ ಪ್ರಸಾದ. ಉಗುರಿನಿಂದ ಕೆರೆದರೆ ಮರಳಿನ ಹಾಗೆ ಉದುರಿತು, ಆದರೆ ಕೆಳಗೆ ರಬ್ಬರ್ ಬಳೆಯ ಹಾಗೆ ಗಟ್ಟಿಯಾಗಿತ್ತು, ಬಾಗಿಸಿದರೆ ಸೀಳು ಬಿಟ್ಟಿತು. ವಾಷರ್ ಒಂದೇ ಸಿಗಲಿಲ್ಲ, ಹಾಗಾಗಿ ಎರಡು ಬಟನ್ ವಾಲ್ವನ್ನೇ ತಂದೆ. ಮುಚ್ಚಳದ ತೂತು ಅದೃಷ್ಟಕ್ಕೆ ಸರಿಹೋಯಿತು. ಜಾರುವ ಗುಂಡಿ ನೋಡಿದೆ, ಹಾಸನದವರು ಹೇಳಿದ ಹಾಗೆ ಎಲ್ಲಕ್ಕಿಂತ ಹೆಚ್ಚಿನ ಗೀಟಿನಲ್ಲಿತ್ತು. ಈಗ ಪೂರ್ತಿ 8, ಅರ್ಧ 4, ಬಾಟಲಿಯಲ್ಲೇ ಅಳೆದದ್ದು.

ಇನ್ನೊಂದು ವೆಸ್ಟರ್ನ್ ಸೋರುತ್ತಿಲ್ಲ. ಅದಕ್ಕೆ ಬಾವಮೈದನ ಬಾಟಲಿಯನ್ನೇ ಮರಳು ತುಂಬಿ ನೆಟ್ಟಗೆ ನಿಲ್ಲಿಸಿದ್ದೇನೆ, ಜೊತೆಗೆ ಇನ್ನೊಂದು. ಎರಡು ಲೀಟರ್ ಕಡಿಮೆ, ತೊಳೆಯುವುದರಲ್ಲಿ ವ್ಯತ್ಯಾಸವಿಲ್ಲ. ಕೆಳಗಿನದು ಸೈಫನ್ನೇ. ಅದರ ತಂಟೆಗೆ ಹೋಗಿಲ್ಲ, ಬಕೆಟ್ ಇಟ್ಟಿದ್ದೇನೆ. ಅಪ್ಪ ಒಬ್ಬರೇ ಅದನ್ನು ಬಳಸುವುದು, ಅವರಿಗೆ ಟ್ಯಾಂಕಿನ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ.

ಈಗ ಹೊಸ ಸಮಸ್ಯೆ. ಅತ್ತೆ ಎರಡೂ ಬಟನ್ ಒಟ್ಟಿಗೆ ಒತ್ತುತ್ತಾರೆ. ಯಾವುದು ದೊಡ್ಡದು ಯಾವುದು ಸಣ್ಣದು ಎಂದು ಕತ್ತಲಲ್ಲಿ ಗೊತ್ತಾಗುವುದಿಲ್ಲವಂತೆ.

---

22_ವರ್ಷದ_ಪ್ಲಂಬರ್ (ಹಾಸನ)

ಸಣ್ಣ ಬಟನ್ ಮೇಲೆ ಒಂದು ದೊಡ್ಡ ಬಿಂದಿ ಅಂಟಿಸಿ. ನಮ್ಮ ಮನೆಯಲ್ಲಿ ಹಾಗೇ ಮಾಡಿರುವುದು. ಮತ್ತೆ ಟ್ಯಾಂಕಿನೊಳಗೆ ಹಾಕುವ ಆ ನೀಲಿ ಬಿಲ್ಲೆ ಹಾಕಬೇಡಿ, ಬ್ಲೀಚಿಂಗ್ ಇರುವಂಥದ್ದಾದರೆ ರಬ್ಬರ್ ತಿಂದುಹಾಕುತ್ತದೆ. ಆರು ತಿಂಗಳಿಗೊಮ್ಮೆ ವಾಷರ್ ಬಿಚ್ಚಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಒರೆಸಿ ಹಾಕಿ.

---

ಸಂಪು_ಖಾಲಿ (ಬೆಂಗಳೂರು)

ಬಿಂದಿ ಅಂಟಿಸಿದ್ದೇನೆ. ಅತ್ತೆ ದೇವರ ಬಟನ್ ಎಂದುಕೊಂಡು ಈಗ ಅದನ್ನು ಮುಟ್ಟುವುದೇ ಇಲ್ಲ, ಬರೀ ದೊಡ್ಡದನ್ನೇ ಒತ್ತುತ್ತಿದ್ದಾರೆ.